ದುಡಿಯುವ ಜಾಗದಲ್ಲಿ ನಡೆಯುವ ಝುಲ್ಮ್
(ಮಾಲೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

 

ಸಹೋದರರೇ, ನಮ್ಮ ಜುಮಾದಲ್ಲಿ ಕೊನೆಯ ಎರಡು ಸಾಲುಗಳು ತುಂಬುವುದು ಖುತ್ಬಾ ಅರ್ಧ ಮುಗಿದ ಮೇಲೆ. ಕೈಗಾರಿಕಾ ಪ್ರದೇಶದ ಕಂಪನಿಗಳಿಂದ, ಹೆಂಚಿನ ಕಾರ್ಖಾನೆಗಳಿಂದ, ಇಟ್ಟಿಗೆ ಗೂಡುಗಳಿಂದ, ಗ್ಯಾರೇಜುಗಳಿಂದ ಓಡಿ ಬರುವವರು ಅಲ್ಲಿ ನಿಲ್ಲುತ್ತಾರೆ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ತೂಗಾಡುತ್ತಿರುತ್ತದೆ. ಸಲಾಮ್ ಹೇಳಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಹತ್ತು ನಿಮಿಷ ತಡವಾದರೆ ಹಾಜರಿ ಕತ್ತರಿಸುತ್ತಾರೆ, ಇಲ್ಲವೇ ಎಲ್ಲರೆದುರು ನಿಲ್ಲಿಸಿ ಬೈಯುತ್ತಾರೆ. ಇವತ್ತಿನ ಮಾತು ಅವರ ಬಗ್ಗೆ. ಆದರೆ ಕೇಳಬೇಕಾದವರಲ್ಲಿ ಮೊದಲ ಸಾಲಿನವರೂ ಇದ್ದಾರೆ. ಮೇಸ್ತ್ರಿಗಳು, ಕಂಟ್ರಾಕ್ಟರುಗಳು, ಅಂಗಡಿಯ ಮಾಲೀಕರು, ಹೋಟೆಲಿನವರು ಬೇಗ ಬಂದು ಕುಳಿತಿರುವುದು ಅಲ್ಲಿಯೇ.

ನಮ್ಮ ಮನೆಮಾತಿನಲ್ಲಿ 'ಸತಾನಾ' ಎನ್ನುತ್ತೇವೆ. ಅದೇ ಮಾತು ಕನ್ನಡದಲ್ಲಿ 'ಸತಾಯಿಸು' ಎಂದು ಕೂತಿದೆ. ಎರಡು ಭಾಷೆಯವರೂ ಒಂದೇ ಶಬ್ದವನ್ನು ಹಂಚಿಕೊಂಡಿದ್ದೇವೆ ಎಂದರೆ ಆ ನೋವು ಎರಡೂ ಮನೆಗಳಿಗೆ ಗೊತ್ತು ಎಂದಾಯಿತು. ಆದರೂ ಕೆಲಸದ ಜಾಗದಲ್ಲಿ ಅದು ನಡೆದಾಗ ನಾವು ಅದಕ್ಕೆ ಆ ಹೆಸರು ಕೊಡುವುದಿಲ್ಲ. "ಸಾಹೇಬರ ಬಾಯಿ ಸ್ವಲ್ಪ ಜೋರು", "ಹುಡುಗರು ತಮಾಷೆ ಮಾಡುತ್ತಾರೆ", "ಎಲ್ಲಾ ಕಡೆ ಹೀಗೇ" ಎಂದು ಹೇಳಿ ಮುಗಿಸುತ್ತೇವೆ. ಮಗ ಕೆಲಸಕ್ಕೆ ಹೋಗಲು ಒಲ್ಲೆ ಎಂದರೆ ಸೋಮಾರಿ ಎನ್ನುತ್ತೇವೆ. ಮಗಳು ರಾತ್ರಿ ಊಟ ಬಿಟ್ಟರೆ ಹೊಟ್ಟೆ ಸರಿಯಿಲ್ಲ ಅಂದುಕೊಳ್ಳುತ್ತೇವೆ.

ಹಾಗಾದರೆ ಕಿರುಕುಳವನ್ನು ಗುರುತಿಸುವುದು ಹೇಗೆ? ಕೆಲಸ ಸರಿಯಾಗಿ ಮಾಡು ಎಂದು ಹೇಳುವುದು ಕಿರುಕುಳವಲ್ಲ. ತಪ್ಪಾದರೆ ತಿದ್ದುವುದು, ಹೊತ್ತಿಗೆ ಸರಿಯಾಗಿ ಬಾ ಎನ್ನುವುದು ಮಾಲೀಕನ ಹಕ್ಕು. ಕೂಲಿ ಪಡೆದು ಕೆಲಸ ಕದಿಯುವವನಿಗೆ ಧರ್ಮದಲ್ಲಿ ರಕ್ಷಣೆ ಇಲ್ಲ, ಇದನ್ನೂ ಹೇಳಿಬಿಡಬೇಕು. ಆದರೆ ಒಬ್ಬನನ್ನೇ ಆರಿಸಿಕೊಂಡು, ದಿನವೂ, ಕೆಲಸಕ್ಕೆ ಸಂಬಂಧವಿಲ್ಲದ ಮಾತಿನಿಂದ ಚುಚ್ಚಿದರೆ ಅದು ಬೇರೆ. ತಪ್ಪನ್ನು ತೋರಿಸುವವನು ಕೆಲಸದ ಕಡೆ ಬೆರಳು ಮಾಡುತ್ತಾನೆ. ಸತಾಯಿಸುವವನು ಮನುಷ್ಯನ ಕಡೆ ಬೆರಳು ಮಾಡುತ್ತಾನೆ. ಅವನ ತಾಯಿಯನ್ನು, ಜಾತಿಯನ್ನು, ಗಡ್ಡವನ್ನು, ಮೈಬಣ್ಣವನ್ನು, ತೊದಲನ್ನು ಹಿಡಿದು ಆಡುತ್ತಾನೆ. ಆಗದಷ್ಟು ಕೆಲಸ ಕೊಟ್ಟು ಆಗಲಿಲ್ಲ ಎಂದು ನಗುತ್ತಾನೆ, ಅಥವಾ ಕೆಲಸವನ್ನೇ ಕೊಡದೆ ಮೂಲೆಯಲ್ಲಿ ಕೂರಿಸುತ್ತಾನೆ. ರಜೆ ಎಲ್ಲರಿಗೂ ಸಿಗುತ್ತದೆ, ಇವನೊಬ್ಬನಿಗೆ ಸಿಗುವುದಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಇವನು ಬಂದರೆ ಎದ್ದು ಹೋಗುತ್ತಾರೆ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೆಯ ಸೂಕ್ತವನ್ನು ಈ ದೃಷ್ಟಿಯಿಂದ ಓದಿ ನೋಡಿ. ಅಪಹಾಸ್ಯ, ಚುಚ್ಚುಮಾತು, ಅಡ್ಡಹೆಸರು ಈ ಮೂರನ್ನೂ ಅಲ್ಲಾಹನು ಒಂದೇ ಸೂಕ್ತದಲ್ಲಿ ತಡೆದಿದ್ದಾನೆ. ಗಂಡಸರನ್ನು ಬೇರೆಯಾಗಿ, ಹೆಂಗಸರನ್ನು ಬೇರೆಯಾಗಿ ಹೆಸರಿಸಿ ತಡೆದಿದ್ದಾನೆ. ಇವತ್ತಿನ ಯಾವ ಕಾರ್ಖಾನೆಯ ನಿಯಮ ಪುಸ್ತಕ ತೆರೆದರೂ ಕಿರುಕುಳ ಎಂಬ ಪುಟದಲ್ಲಿ ಮೊದಲು ಬರುವುದು ಇವೇ ಮೂರು. ಗಡ್ಡ ಬಿಟ್ಟ ಹುಡುಗನಿಗೆ ಪರದೇಶದ ಹೆಸರಿಟ್ಟು ಕರೆಯುವುದು, ಅವನು ನಕ್ಕರೆ ಇನ್ನೂ ಜೋರಾಗಿ ಕರೆಯುವುದು ನಮ್ಮವರಿಗೆ ಗೊತ್ತಿರುವ ಸಂಗತಿ. ಅದೇ ಹುಡುಗ ತನ್ನ ಪಕ್ಕದ ದಲಿತ ಸಹೋದ್ಯೋಗಿಯನ್ನು ಜಾತಿ ಹಿಡಿದು ಕರೆಯುವುದೂ ನಡೆಯುತ್ತದೆ. ಆ ಸೂಕ್ತ ಎರಡಕ್ಕೂ ಒಂದೇ.

ತಮಾಷೆಯ ವಿಷಯಕ್ಕೆ ಬರೋಣ. ಸುನನ್ ಅಬೂದಾವೂದ್‌ನಲ್ಲಿ ಒಂದು ಹದೀಸ್ ಇದೆ. ಸಂಗಾತಿಗಳು ಪ್ರವಾದಿ(ಸ)ರವರ ಜೊತೆ ಪ್ರಯಾಣದಲ್ಲಿದ್ದರು. ಒಬ್ಬರು ನಿದ್ದೆ ಹೋದಾಗ ಇನ್ನೊಬ್ಬರು ಅವರ ಹಗ್ಗವನ್ನು ಮೆಲ್ಲಗೆ ತೆಗೆದುಕೊಂಡರು. ಮಲಗಿದವರು ಎದ್ದು ಗಾಬರಿಯಾದರು. ಒಂದು ಹಗ್ಗ, ಅದೂ ಹಿಂದಿರುಗಿಸುವ ಹಗ್ಗ. ಆದರೂ ಮುಸ್ಲಿಮನೊಬ್ಬನನ್ನು ಬೆದರಿಸುವುದು ಯಾರಿಗೂ ಸಮ್ಮತವಲ್ಲ ಎಂದು ಪ್ರವಾದಿ(ಸ) ಹೇಳಿದರು. ಹೊಸದಾಗಿ ಸೇರಿದ ಹುಡುಗನ ಟಿಫಿನ್ ಡಬ್ಬಿ ಬಚ್ಚಿಡುವುದು, ಶೌಚಾಲಯದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು, ಏರ್ ಪೈಪ್ ಹಿಡಿದು ಹೆದರಿಸುವುದು ಹಗ್ಗಕ್ಕಿಂತ ಎಷ್ಟು ಮುಂದೆ ಹೋಗಿದೆ ನೋಡಿ. ಏರ್ ಪೈಪಿನ ಆಟದಲ್ಲಿ ಜೀವ ಹೋಗುತ್ತದೆ. ಗ್ಯಾರೇಜು ಮತ್ತು ಪಂಕ್ಚರ್ ಅಂಗಡಿ ನಡೆಸುವ ನಮ್ಮ ಸಹೋದರರು ಇದನ್ನು ತಮ್ಮ ಹುಡುಗರಿಗೆ ಇವತ್ತೇ ಹೇಳಬೇಕು.

ಕೆಲಸದ ಮನೆಯಲ್ಲಿ ಅನುಭವಿಸಿದ ಅನ್ಯಾಯದ ಅತ್ಯಂತ ವಿವರವಾದ ಕಥೆ ಕುರ್‌ಆನಿನಲ್ಲೇ ಇದೆ. ನಾವು ಅದನ್ನು ಚೆಲುವಿನ ಕಥೆಯಾಗಿ ಕೇಳಿ ಬಿಟ್ಟಿದ್ದೇವೆ. ಯೂಸುಫ್(ಅ) ಈಜಿಪ್ಟಿನ ಅಝೀಝನ ಮನೆಯಲ್ಲಿ ದುಡಿಯುತ್ತಿದ್ದ ಹುಡುಗ. ಕೊಂಡು ತಂದವರು, ಊರಿಲ್ಲ, ಬಂಧುಗಳಿಲ್ಲ. ಆ ಮನೆಯ ಒಡತಿ ಬಾಗಿಲುಗಳನ್ನು ಮುಚ್ಚಿದಳು. ಅವರು ಒಪ್ಪಲಿಲ್ಲ, ಬಾಗಿಲ ಕಡೆ ಓಡಿದರು, ಅಂಗಿ ಹಿಂದಿನಿಂದ ಹರಿಯಿತು. ಬಾಗಿಲಲ್ಲಿ ಯಜಮಾನ ನಿಂತಿದ್ದ. ಕೂಡಲೇ ಆರೋಪ ತಿರುಗಿ ಯೂಸುಫರ ಮೇಲೆ ಬಿತ್ತು. ಕಿರುಕುಳ ಕೊಟ್ಟವರೇ ಮೊದಲು ದೂರು ಕೊಡುವುದು ಇವತ್ತಿಗೂ ನಡೆಯುವ ಪದ್ಧತಿ. ಆಗ ಆ ಮನೆಯವರೇ ಒಬ್ಬರು ಸಾಕ್ಷಿ ನೋಡುವ ದಾರಿ ಹೇಳಿದರು: ಅಂಗಿ ಮುಂದೆ ಹರಿದಿದೆಯೋ, ಹಿಂದೆ ಹರಿದಿದೆಯೋ ನೋಡಿ ಎಂದು. ಹಿಂದೆ ಹರಿದಿತ್ತು. ಸತ್ಯ ಯಜಮಾನನಿಗೆ ಗೊತ್ತಾಯಿತು.

ಗೊತ್ತಾದ ಮೇಲೆ ಏನು ಮಾಡಿದ? ಈ ವಿಷಯ ಇಲ್ಲಿಗೆ ಬಿಡು ಎಂದು ಯೂಸುಫರಿಗೆ ಹೇಳಿದ. ಹೆಂಡತಿಗೆ ಕ್ಷಮೆ ಬೇಡಿಕೋ ಎಂದ. ಅಷ್ಟೇ. ಪುರಾವೆಗಳನ್ನೆಲ್ಲ ಕಂಡ ನಂತರವೂ ಕೊನೆಗೆ ಜೈಲಿಗೆ ಕಳಿಸಿದ್ದು ಯೂಸುಫರನ್ನೇ ಎಂದು 35ನೆಯ ಸೂಕ್ತ ಹೇಳುತ್ತದೆ. ಮನೆಯ ಮಾನ ಉಳಿಯಬೇಕು, ಬಡವನ ಮಾನ ಹೋದರೂ ಸರಿ ಎಂಬ ಲೆಕ್ಕ. ದೂರು ಕೊಟ್ಟ ಹೆಣ್ಣುಮಗಳನ್ನೇ ಬೇರೆ ಯೂನಿಟ್ಟಿಗೆ ಹಾಕುವ ಕಂಪನಿಗಳನ್ನು ಕಂಡವರಿಗೆ ಈ ಸೂಕ್ತಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ವರ್ಷಗಳಾದ ಮೇಲೆ ರಾಜನೇ ಕರೆ ಕಳಿಸಿದ. ಜೈಲಿನ ಬಾಗಿಲು ತೆರೆಯಿತು. ನಾವಾಗಿದ್ದರೆ ಓಡಿಬಿಡುತ್ತಿದ್ದೆವು. ಯೂಸುಫ್(ಅ) ಹೊರಗೆ ಬರಲಿಲ್ಲ. ಮೊದಲು ಆ ಪ್ರಕರಣ ವಿಚಾರಣೆಯಾಗಲಿ, ಕೈ ಕೊಯ್ದುಕೊಂಡ ಆ ಸ್ತ್ರೀಯರನ್ನು ಕೇಳಿ ನೋಡಲಿ ಎಂದು ದೂತನನ್ನು ಹಿಂದಕ್ಕೆ ಕಳಿಸಿದರು. ವಿಚಾರಣೆ ನಡೆಯಿತು, ಅವರ ನಿರಪರಾಧ ಎಲ್ಲರೆದುರು ಸಾಬೀತಾಯಿತು, ಆಮೇಲೆ ಹೊರಬಂದರು. ಸಬ್ರ್‌ಗೆ ಇಷ್ಟು ದೊಡ್ಡ ಉದಾಹರಣೆಯಾದ ಪ್ರವಾದಿಯೊಬ್ಬರು ತಮ್ಮ ಹೆಸರಿನ ಮೇಲಿನ ಕಲೆಯನ್ನು ಹಾಗೇ ಬಿಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಸಬ್ರ್ ಎಂಬ ಪದವನ್ನು ನಮ್ಮಲ್ಲಿ ತುಂಬಾ ಅಗ್ಗ ಮಾಡಿದ್ದಾರೆ. ಹುಡುಗ ಬಂದು ಕಷ್ಟ ಹೇಳಿಕೊಂಡರೆ "ಸಬ್ರ್ ಮಾಡು ಬೇಟಾ" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ಮಕ್ಕಾದಲ್ಲಿ ಬಿಲಾಲ್(ರ)ರ ಮೇಲೆ ಅವರ ಯಜಮಾನ ಉಮಯ್ಯ ಸುಡುವ ಮರಳಿನಲ್ಲಿ ಬಂಡೆ ಹೇರುತ್ತಿದ್ದ. ಬಿಲಾಲ್(ರ) ಸಬ್ರ್ ಮಾಡಿದರು, ಸರಿ. ಅಬೂಬಕರ್(ರ) ಏನು ಮಾಡಿದರು? ಅವರು ಬಂದು ಸಬ್ರ್‌ನ ಮೇಲೆ ಪ್ರವಚನ ಕೊಡಲಿಲ್ಲ. ಬೆಲೆ ಕೊಟ್ಟು ಬಿಡಿಸಿದರು. ಕಷ್ಟದಲ್ಲಿ ಇರುವವನ ಪಾಲಿಗೆ ಸಬ್ರ್, ನೋಡುವವನ ಪಾಲಿಗೆ ಜೇಬು. ಈ ಎರಡನ್ನು ಅದಲುಬದಲು ಮಾಡಬಾರದು. ಅಬಿಸೀನಿಯಾಕ್ಕೆ ಹೋದ ಸಂಗಾತಿಗಳೂ ಹಿಂಸೆಯ ಜಾಗ ಬಿಟ್ಟೇ ಹೋದವರು. ಅವರನ್ನು ಯಾರೂ ಹೇಡಿಗಳೆಂದು ಕರೆಯಲಿಲ್ಲ. ಹಾಗೆಯೇ ಮಾನ ಉಳಿಸಿಕೊಳ್ಳಲು ಕೆಲಸ ಬಿಟ್ಟು ಬಂದವನನ್ನು ಮನೆಯವರು ಹೀಯಾಳಿಸಬಾರದು.

ದೂರು ಕೊಡುವುದು ಗೀಬತ್ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅನ್ಯಾಯಕ್ಕೆ ಒಳಗಾದವನು ಕೆಟ್ಟದ್ದನ್ನು ಎತ್ತಿ ಹೇಳಬಹುದು ಎಂದು ಅನ್ನಿಸಾ ಅಧ್ಯಾಯದ 148ನೆಯ ಸೂಕ್ತ ಸ್ಪಷ್ಟವಾಗಿ ಹೊರತುಪಡಿಸಿದೆ. ಮುಜಾದಿಲಃ ಎಂಬ ಇಡೀ ಅಧ್ಯಾಯಕ್ಕೆ ಹೆಸರು ಬಂದಿದ್ದೇ ವಾದಿಸಿದ ಒಬ್ಬ ಹೆಣ್ಣಿನಿಂದ. ಖೌಲಾ(ರ) ತಮ್ಮ ಗಂಡನ ಅನ್ಯಾಯವನ್ನು ಪ್ರವಾದಿ(ಸ)ರವರ ಬಳಿ ಹೇಳಿದರು, ಬಿಡದೆ ಹೇಳಿದರು. ಅಲ್ಲಾಹನು ಅದನ್ನು ಕೇಳಿದೆನೆಂದು ಸೂಕ್ತ ಇಳಿಸಿದ. ಇನ್ನೊಂದು ಹದೀಸ್ ಕೇಳಿ. ನೆರೆಯವನ ಕಾಟ ತಾಳಲಾರದೆ ಒಬ್ಬರು ಬಂದಾಗ ಪ್ರವಾದಿ(ಸ) ಮೊದಲು ತಾಳ್ಮೆ ಹೇಳಿದರು. ಮತ್ತೆ ಮತ್ತೆ ಬಂದಾಗ, ನಿನ್ನ ಸಾಮಾನುಗಳನ್ನೆಲ್ಲ ತೆಗೆದು ರಸ್ತೆಯಲ್ಲಿ ಹಾಕು ಎಂದರು. ಹೋಗುವವರೆಲ್ಲ ಏಕೆ ಎಂದು ಕೇಳಿದರು, ಇವರು ಹೇಳಿದರು, ಕೇಳಿದವರು ಆ ನೆರೆಯವನನ್ನು ಶಪಿಸಿದರು. ಕೊನೆಗೆ ಅವನೇ ಬಂದು ಇನ್ನು ಮುಂದೆ ನನ್ನಿಂದ ತೊಂದರೆಯಾಗದು, ಒಳಗೆ ಹೋಗು ಎಂದ. ಗುಟ್ಟಿನಲ್ಲಿ ಬೆಳೆಯುವ ಕಾಟ ಬೀದಿಯಲ್ಲಿ ಒಣಗಿತು.

ಆದರೆ ಬೀದಿಗೆ ಬರುವುದಕ್ಕೂ ಒಂದು ಕ್ರಮ ಇದೆ. ನಮ್ಮ ಜಿಲ್ಲೆಯಲ್ಲೇ ನಡೆದದ್ದನ್ನು ಮರೆಯುವ ಹಾಗಿಲ್ಲ. 2020ರ ಡಿಸೆಂಬರ್ 12ರ ಶನಿವಾರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಬಿತ್ತು. ಐಫೋನ್ ಜೋಡಿಸುವ ಕಾರ್ಖಾನೆ ಆದ್ದರಿಂದ ಸುದ್ದಿ ಪ್ರಪಂಚಕ್ಕೆಲ್ಲ ಹೋಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆಯವರು, ಓದಿದ ಯುವಕರು. ಹೇಳಿದ ಸಂಬಳ ಕೈಗೆ ಬರುತ್ತಿಲ್ಲ, ಹಾಜರಿ ಸರಿಯಾಗಿ ದಾಖಲಾಗುತ್ತಿಲ್ಲ, ಹನ್ನೆರಡು ಗಂಟೆ ದುಡಿಸುತ್ತಾರೆ ಎಂಬುದು ಅವರ ದೂರಾಗಿತ್ತು. ಒಂದು ವಾರದ ನಂತರ ಕಂಪನಿ ತಾನೇ ಒಪ್ಪಿಕೊಂಡಿತು: ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಎಂದು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಗೆ ಹೋಯಿತು.

ಕೂಲಿಯ ದೂರು ನಿಜವಾಗಿತ್ತು. ಆದರೆ ಆ ಕ್ಷಮಾಪಣೆ ಬರುವ ಹೊತ್ತಿಗೆ ನೂರಕ್ಕೂ ಹೆಚ್ಚು ಹುಡುಗರು ಬಂಧನದಲ್ಲಿದ್ದರು. ಕಲ್ಲೆತ್ತಿದವನ ಹಿಂದೆ ಕಲ್ಲೆತ್ತದವನೂ ಸಿಕ್ಕಿಬಿದ್ದ. ಸಂಬಳ ಕೇಳಲು ಹೋದವರ ಮನೆಯವರು ಜಾಮೀನಿಗೆ ಸಾಲ ಮಾಡಿದರು. ನಮ್ಮ ನ್ಯಾಯದ ಕಾಗದವನ್ನು ನಾವೇ ಸುಟ್ಟರೆ ಎದುರಿನವನಿಗೆ ಅನುಕೂಲ. ಹಾಗೆಂದು ಎಲ್ಲ ತಪ್ಪನ್ನೂ ಹುಡುಗರ ತಲೆಗೆ ಕಟ್ಟುವುದೂ ಸರಿಯಲ್ಲ. ಸಾವಿರಾರು ಜನ ದುಡಿಯುವ ಜಾಗದಲ್ಲಿ ಒಬ್ಬನ ಸಂಬಳದ ಚೀಟಿ ಹಿಡಿದು ಕೇಳಲು ಒಂದು ಕಿಟಕಿ ಇದ್ದು, ಅಲ್ಲಿ ಉತ್ತರ ಸಿಗುತ್ತಿದ್ದರೆ ಆ ಬೆಳಗು ಬರುತ್ತಿರಲಿಲ್ಲ. ಕೂಲಿಯಾಳನ್ನು ದುಡಿಸಿ ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ತಾನೇ ವಾದಿಯಾಗಿ ನಿಲ್ಲುವೆನೆಂದು ಅಲ್ಲಾಹನು ಹೇಳಿರುವುದಾಗಿ ಬುಖಾರಿಯ ಹದೀಸ್‌ನಲ್ಲಿದೆ. ಇದನ್ನು ಓದಿದ ಕಂಟ್ರಾಕ್ಟರ್ ರಾತ್ರಿ ನಿದ್ದೆ ಮಾಡುವುದು ಹೇಗೆ ಎಂಬುದು ನಮಗೆ ಅರ್ಥವಾಗದ ವಿಷಯ.

ಈಗ ಕ್ರಮದ ಮಾತು. ಮೊದಲು ಬರೆದಿಡಿ. ಒಂದು ಚಿಕ್ಕ ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ಯಾವ ಜಾಗ, ಯಾರು ಏನು ಹೇಳಿದರು, ಪಕ್ಕದಲ್ಲಿ ಯಾರಿದ್ದರು. ಅವರಾಡಿದ ಮಾತನ್ನೇ ಬರೆಯಿರಿ, ನಿಮ್ಮ ಕೋಪವನ್ನು ಬರೆಯಬೇಡಿ. ಸಾಲವನ್ನು ಬರೆದಿಡಿ, ಸಾಕ್ಷಿ ಇಡಿ ಎಂದು ಕುರ್‌ಆನಿನ ಅತ್ಯಂತ ಉದ್ದದ ಸೂಕ್ತ ಹೇಳುತ್ತದೆ. ಹಣಕ್ಕೇ ಅಷ್ಟು ಜಾಗ್ರತೆ ಎಂದರೆ ಮಾನಕ್ಕೆ ಎಷ್ಟಿರಬೇಕು? ಯೂಸುಫರಿಗೆ ಅಂಗಿ ಸಾಕ್ಷಿಯಾಯಿತು. ನಿಮಗೆ ವಾಟ್ಸ್‌ಆ್ಯಪ್ ಸಂದೇಶ, ಸಂಬಳದ ಚೀಟಿ, ಪಾಳಿಯ ಪಟ್ಟಿ ಸಾಕ್ಷಿಯಾಗುತ್ತವೆ. ಮೊಬೈಲಿನಲ್ಲಿ ಇರುವುದನ್ನು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ, ಯಾರು ಎಷ್ಟೇ ಒತ್ತಾಯಿಸಿದರೂ.

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಅರ್ಜಿ ಬರೆದು ಕೊಡಿ, ಒಂದು ಪ್ರತಿಯ ಮೇಲೆ ಸ್ವೀಕರಿಸಿದ ಸಹಿ, ಮುದ್ರೆ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಶೀದಿ ಇಡಿ. ಕೇವಲ ಬೈದರು, ಅವಮಾನ ಮಾಡಿದರು ಎಂಬುದಕ್ಕೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಬೈಗುಳದ ಜೊತೆ ಸಾಮಾನ್ಯವಾಗಿ ಇನ್ನೊಂದು ತಪ್ಪು ಇದ್ದೇ ಇರುತ್ತದೆ, ಅದನ್ನು ಹಿಡಿಯಬೇಕು. ಹೆಚ್ಚುವರಿ ಹೊತ್ತಿನ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಇರುವ ನಿಯಮ. ಗುತ್ತಿಗೆದಾರ ಸಂಬಳ ಕೊಡದೆ ಓಡಿದರೆ ಕಾರ್ಖಾನೆಯ ಮಾಲೀಕನೇ ಅದನ್ನು ಕೊಡಬೇಕು. "ನೀನು ನಮ್ಮವನಲ್ಲ, ಕಂಟ್ರಾಕ್ಟರ್‌ನವನು" ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಹೊಡೆದರೆ, ಜೀವ ಬೆದರಿಕೆ ಹಾಕಿದರೆ ಅದು ಪೊಲೀಸ್ ಠಾಣೆಯ ವಿಷಯ. ಮುಂಗಡ ಕೊಟ್ಟಿದ್ದೇನೆಂದು ಇಟ್ಟಿಗೆ ಗೂಡಿನಿಂದ ಹೊರಗೆ ಬಿಡದಿದ್ದರೆ ಅದು ಜೀತ. 1976ರ ಕಾಯ್ದೆಯಿಂದ ಜೀತವೂ ಹೋಗಿದೆ, ಆ ಸಾಲವೂ ಹೋಗಿದೆ. ವಕೀಲರಿಗೆ ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಅಲ್ಲಿ ವಕೀಲರು ಉಚಿತ. ದೂರವಾಣಿ 15100.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ಬೆಳಗಿನ ರೈಲಿಗೆ ಮಾಲೂರಿನಲ್ಲಿ ಹತ್ತಿ ವೈಟ್‌ಫೀಲ್ಡ್, ಕೃಷ್ಣರಾಜಪುರದಲ್ಲಿ ಇಳಿದು ದುಡಿಯುವ ನಮ್ಮ ಮಕ್ಕಳಿದ್ದಾರೆ. ಗಾರ್ಮೆಂಟ್ಸ್‌ಗೆ, ಕಂಪನಿ ಬಸ್ಸಿನಲ್ಲಿ ಪಾಳಿಗೆ ಹೋಗುವವರಿದ್ದಾರೆ. ಮೇಲ್ವಿಚಾರಕನ ಕೊಳಕು ಮಾತು, ಮುಟ್ಟುವುದು, ರಾತ್ರಿ ಸಂದೇಶ ಕಳಿಸುವುದು ಇವೆಲ್ಲ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲಿ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರೂ ಇರಬೇಕು. ಅದಕ್ಕಿಂತ ಚಿಕ್ಕ ಜಾಗವಾದರೆ, ಅಥವಾ ಮಾಲೀಕನೇ ಕಿರುಕುಳ ಕೊಟ್ಟರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು. ಮನೆಗೆಲಸದವರಿಗೂ ಇದು ಅನ್ವಯ. ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹೆಸರನ್ನು ಹೊರಗೆ ಬಿಡುವಂತಿಲ್ಲ. 181 ಮಹಿಳಾ ಸಹಾಯವಾಣಿ.

ಈ ಕಾಯ್ದೆ ಎಲ್ಲಿಂದ ಬಂತು ಎಂದು ಕೇಳಿ. ರಾಜಸ್ಥಾನದ ಹಳ್ಳಿಯ ಕಾರ್ಯಕರ್ತೆ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಒಳಗಾದರು. ಅವರು ಬಾಯಿ ಮುಚ್ಚಲಿಲ್ಲ. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರಲ್ಲಿ ವಿಶಾಖಾ ತೀರ್ಪು ಬಂತು, ಅದೇ ಮುಂದೆ ಕಾಯ್ದೆಯಾಯಿತು. ಗಾಳಿ ಎಬ್ಬಿಸುವ ದೊಡ್ಡವರು ಮಾಡಿದ್ದಲ್ಲ ಅದು, ಬಡ ಹೆಣ್ಣೊಬ್ಬಳ ಹಟ.

ಮನೆಯಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಮಗಳು ಹೀಗಾಯಿತು ಎಂದು ಹೇಳಿದ ಮರುದಿನವೇ ಅವಳನ್ನು ಕೆಲಸ ಬಿಡಿಸುತ್ತೇವೆ. ತಪ್ಪು ಮಾಡಿದವನು ಸಂಬಳ ತೆಗೆದುಕೊಳ್ಳುತ್ತಾ ಇರುತ್ತಾನೆ, ಅವಳು ಮನೆಯಲ್ಲಿ ಕೂರುತ್ತಾಳೆ. ಇನ್ನು ಮುಂದೆ ಯಾವ ಮಗಳೂ ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಶಿಕ್ಷೆ ತನಗೇ ಎಂದು ಅವರಿಗೆ ಗೊತ್ತಾಗಿದೆ. ಗಂಡುಮಕ್ಕಳಿಗೂ ಹೀಗಾಗುತ್ತದೆ. ಯೂಸುಫ್(ಅ) ಗಂಡೇ ಅಲ್ಲವೇ? 18 ವರ್ಷದೊಳಗಿನ ಹುಡುಗನಿಗೆ ಆದರೆ ಪೋಕ್ಸೊ ಕಾಯ್ದೆ ಹೆಣ್ಣು ಗಂಡು ಎಂದು ಭೇದ ಮಾಡುವುದಿಲ್ಲ. ಅವನು ಸುಮ್ಮನೆ ಹೇಳದೆ ಒಳಗೊಳಗೇ ಕುಗ್ಗುತ್ತಾನೆ. ಸಂಬಳದ ದಿನ ಬಿಟ್ಟು ಇನ್ನುಳಿದ ದಿನ ಅವನ ಮುಖ ನೋಡುವ ಅಭ್ಯಾಸ ತಂದೆಗೆ ಇರಬೇಕು.

ಜೀವವೇ ಬೇಡ ಎನ್ನುವ ಮಾತು ಯಾರಾದರೂ ಆಡಿದರೆ ಅವರಿಗೆ ಹರಾಮ್ ಎಂದು ಗದರಿಸಿ ಕಳಿಸಬೇಡಿ. ಪಕ್ಕದಲ್ಲಿ ಕೂರಿ. ಒಬ್ಬರನ್ನೇ ಬಿಡಬೇಡಿ. 14416 ಟೆಲಿ ಮಾನಸ್‌ಗೆ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ. ವೈದ್ಯರಿಗೆ ತೋರಿಸುವುದು ಸುನ್ನತ್‌ಗೆ ವಿರುದ್ಧವಲ್ಲ.

ಇನ್ನು ಮೊದಲ ಸಾಲಿಗೆ. ಹಝ್ರತ್ ಅನಸ್(ರ) ಹತ್ತು ವರ್ಷ ಪ್ರವಾದಿ(ಸ)ರವರ ಮನೆಯಲ್ಲಿ ಸೇವೆ ಮಾಡಿದರು. ಚಿಕ್ಕ ಹುಡುಗ, ಮರೆತಿರಬೇಕು, ಒಡೆದಿರಬೇಕು. ಒಮ್ಮೆಯೂ ಉಫ್ ಎನ್ನಲಿಲ್ಲ, ಏಕೆ ಮಾಡಿದೆ ಎಂದೂ ಕೇಳಲಿಲ್ಲ ಎಂದು ಅವರೇ ಹೇಳಿದ್ದಾರೆ. ನಮ್ಮ ಹೋಟೆಲಿನ ಒಳಗಡೆ, ವೆಲ್ಡಿಂಗ್ ಶೆಡ್ಡಿನಲ್ಲಿ ಹತ್ತು ನಿಮಿಷ ನಿಂತರೆ ಎಷ್ಟು ಉಫ್ ಕೇಳುತ್ತದೆ? ಅಬೂ ಮಸ್‌ಊದ್(ರ) ತಮ್ಮ ಗುಲಾಮನನ್ನು ಹೊಡೆಯುತ್ತಿದ್ದರು. ಹಿಂದಿನಿಂದ ಒಂದು ದನಿ ಬಂತು: ಇವನ ಮೇಲೆ ನಿನಗಿರುವುದಕ್ಕಿಂತ ನಿನ್ನ ಮೇಲೆ ಅಲ್ಲಾಹನಿಗೆ ಹೆಚ್ಚು ಶಕ್ತಿಯಿದೆ ಎಂಬ ಅರ್ಥದ ಮಾತು. ತಿರುಗಿ ನೋಡಿದರೆ ಪ್ರವಾದಿ(ಸ). ಅಲ್ಲೇ ಅವನನ್ನು ಬಿಡುಗಡೆ ಮಾಡಿದರು. ಹಾಗೆ ಮಾಡದಿದ್ದರೆ ನರಕದ ಬೆಂಕಿ ನಿನ್ನನ್ನು ಮುಟ್ಟುತ್ತಿತ್ತು ಎಂದು ಪ್ರವಾದಿ(ಸ) ಎಚ್ಚರಿಸಿದರೆಂದು ಮುಸ್ಲಿಮ್‌ನಲ್ಲಿದೆ. ಅಬೂದರ್(ರ)ರಂಥ ದೊಡ್ಡವರು ಒಬ್ಬರನ್ನು ತಾಯಿಯ ಹೆಸರಿನಿಂದ ಹಂಗಿಸಿದಾಗ, ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಗುಣವಿದೆ ಎಂದು ಪ್ರವಾದಿ(ಸ) ಹೇಳಿದರು. ಅಬೂದರ್(ರ) ಆಮೇಲೆ ತಾವು ತೊಡುವ ಬಟ್ಟೆಯನ್ನೇ ಸೇವಕನಿಗೂ ತೊಡಿಸುತ್ತಿದ್ದರು. ಮದ್‌ಯನಿನ ವೃದ್ಧರು ಮೂಸಾ(ಅ)ರನ್ನು ಕೆಲಸಕ್ಕೆ ಇಟ್ಟುಕೊಂಡಾಗ ಎಷ್ಟು ವರ್ಷ ಎಂಬುದನ್ನು ಮೊದಲೇ ಮಾತಾಡಿ, ನಿನಗೆ ಕಷ್ಟ ಕೊಡುವ ಇಚ್ಛೆ ನನಗಿಲ್ಲ ಎಂದೂ ಸೇರಿಸಿದರು. ಕುರ್‌ಆನ್ ಆ ಮಾತನ್ನೂ ದಾಖಲಿಸಿದೆ. 14 ವರ್ಷದೊಳಗಿನ ಮಗುವನ್ನು ಗ್ಯಾರೇಜಿಗೆ ಇಟ್ಟುಕೊಳ್ಳುವುದೇ ಅಪರಾಧ, ಅದರ ಮೇಲೆ ಸ್ಪ್ಯಾನರ್ ಎಸೆಯುವವರೂ ಇದ್ದಾರೆ.

ಮಸೀದಿಯ ಒಳಗೂ ನೋಡಿಕೊಳ್ಳಬೇಕು. ಮುಅಝ್ಝಿನ್ ಒಂದು ನಿಮಿಷ ತಡವಾದರೆ ಸಾಲಿನಲ್ಲೇ ಕೂಗಾಡುವವರು, ಅವರ ಸಂಬಳವನ್ನು ತಿಂಗಳ ಹದಿನೈದಕ್ಕೆ ಕೊಟ್ಟು ಉಪಕಾರ ಮಾಡಿದಂತೆ ಮಾತಾಡುವ ಕಮಿಟಿಗಳು ಎಷ್ಟೋ ಊರುಗಳಲ್ಲಿವೆ. ಮದರಸದಲ್ಲಿ ಬೆತ್ತ ಹಿಡಿದು ಕಲಿಸುವವರೂ ಇದನ್ನು ಕೇಳಿಸಿಕೊಳ್ಳಲಿ. ಅಲ್ಲಿ ಕಲಿತದ್ದನ್ನೇ ಹುಡುಗ ನಾಳೆ ಕಾರ್ಖಾನೆಯಲ್ಲಿ ತನ್ನ ಕೈಕೆಳಗಿನವನಿಗೆ ಮಾಡುತ್ತಾನೆ.

ನೋಡುತ್ತಾ ನಿಂತವರಿಗೆ ಒಂದು ಮಾತು. ಇಸ್ಲಾಮ್ ಬರುವ ಮೊದಲು ಮಕ್ಕಾದಲ್ಲಿ ಯಮನಿನಿಂದ ಬಂದ ವ್ಯಾಪಾರಿಯೊಬ್ಬನ ಸರಕು ತೆಗೆದುಕೊಂಡು ಆಸ್ ಬಿನ್ ವಾಇಲ್ ಎಂಬ ಮುಖಂಡ ಹಣ ಕೊಡಲಿಲ್ಲ. ಅವನು ಕಅಬದ ಹತ್ತಿರ ನಿಂತು ಕೂಗಿದ. ಆಗ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನ್ ಎಂಬವನ ಮನೆಯಲ್ಲಿ ಸೇರಿ, ಊರಿನವನಾಗಲಿ ಪರ ಊರಿನವನಾಗಲಿ ಅನ್ಯಾಯಕ್ಕೊಳಗಾದವನ ಪರ ನಿಲ್ಲುತ್ತೇವೆ ಎಂದು ಪ್ರತಿಜ್ಞೆ ಮಾಡಿದರು. ಹಿಲ್ಫುಲ್ ಫುಝೂಲ್ ಎಂದು ಅದರ ಹೆಸರು. ಯುವಕರಾಗಿದ್ದ ಮುಹಮ್ಮದ್(ಸ) ಅದರಲ್ಲಿದ್ದರು. ಪ್ರವಾದಿಯಾದ ಮೇಲೂ, ಈಗ ಕರೆದರೂ ಹೋಗುತ್ತೇನೆ ಎಂದಿದ್ದರು. ಆ ಮನೆಯಲ್ಲಿ ಸೇರಿದವರು ಮುಸ್ಲಿಮರಾಗಿರಲಿಲ್ಲ. ಆದ್ದರಿಂದ ನಿಮ್ಮ ಲೈನಿನಲ್ಲಿ ದುಡಿಯುವ ಮುನಿಯಪ್ಪನ ಪರವಾಗಿ ಸಾಕ್ಷಿ ಹೇಳುವುದು, ಯೂನಿಯನ್ ಸೇರಿ ಒಟ್ಟಾಗಿ ಕೇಳುವುದು ಪ್ರವಾದಿ(ಸ)ರವರ ಮೊದಲಿನ ಸುನ್ನತ್ತೇ. ಒಬ್ಬನ ದೂರನ್ನು ತಳ್ಳಿಹಾಕುವುದು ಸುಲಭ, ಹನ್ನೊಂದು ಜನರ ಸಹಿಯನ್ನು ತಳ್ಳಿಹಾಕುವುದು ಕಷ್ಟ.

ಬೈತುಲ್ ಮಾಲ್‌ನ ಹಿರಿಯರೊಂದಿಗೆ ಮಾತಾಡಿದ್ದೇವೆ. ಝಕಾತ್‌ನ ಎಂಟು ಪಾಲುಗಳಲ್ಲಿ ಸಾಲಗಾರರ ಪಾಲೂ ಒಂದು. ಮೇಸ್ತ್ರಿಯ ಮುಂಗಡ ತೀರಿಸಲಾಗದೆ ಅವನ ಹೊಡೆತ ತಿಂದುಕೊಂಡು ಇರುವವರು ನಮ್ಮ ಮೊಹಲ್ಲಾದಲ್ಲಿ ಇದ್ದರೆ ಅವರ ಹೆಸರು ಗುಟ್ಟಾಗಿ ತಿಳಿಸಿ. ಕೆಲಸ ಬಿಟ್ಟು ಬಂದವರ ಮನೆಗೆ ಎರಡು ತಿಂಗಳ ರೇಷನ್ ಕೊಡಲು ಒಪ್ಪಿಗೆಯಾಗಿದೆ. ಪ್ರತಿ ಭಾನುವಾರ ಅಸ್ರ್ ನಂತರ ಮಸೀದಿಯ ಮಹಡಿಯಲ್ಲಿ ಅರ್ಜಿ ಬರೆದುಕೊಡಲು ನಮ್ಮ ಪದವೀಧರ ಯುವಕರಿಬ್ಬರು ಕೂರುತ್ತಾರೆ, ಹೆಣ್ಣುಮಕ್ಕಳಿಗೆ ಹಿಂದಿನ ಬಾಗಿಲಿನಿಂದ ಬೇರೆ ಕೋಣೆ, ಅಲ್ಲಿ ಶಿಕ್ಷಕಿಯೊಬ್ಬರು ಇರುತ್ತಾರೆ. ಯಾವ ಧರ್ಮದವರಾದರೂ ಬರಬಹುದು. ಬರುವಾಗ ಗುರುತಿನ ಚೀಟಿ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಏನೂ ಇಲ್ಲದವರು ಹಾಗೆಯೇ ಬನ್ನಿ.